ಜಾಮೀನು ನಿಂತವರ ಕೈಗೆ ಸಿಕ್ಕ ದ್ವೀಪ

ಸೈಪ್ರಸ್ ದ್ವೀಪದ ಲಾರ್ನಾಕಾ ಎಂಬ ಕಡಲ ತೀರದ ಊರಿನಲ್ಲಿ ಒಂದು ಬೀದಿಗೆ ಮಡಿಕೇರಿಯವರೊಬ್ಬರ ಹೆಸರಿದೆ. ಅವರು ತೀರಿಕೊಂಡ ಮರುವರ್ಷ, 1966ರಲ್ಲಿ, ಆ ದೇಶ ಅವರ ನೆನಪಿಗೆ ಅಂಚೆಚೀಟಿಯನ್ನೂ ಹೊರಡಿಸಿತು. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1957ರಿಂದ 1961ರವರೆಗೆ ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದವರು.

ನಮ್ಮ ಹುಣಸೂರಿನಿಂದ ಹೊರಟು ಕಂಪಲಾಪುರ, ಪಿರಿಯಾಪಟ್ಟಣ, ಬೈಲಕುಪ್ಪೆ ಹಾದು, ಕಾವೇರಿ ಸೇತುವೆ ದಾಟಿ ಕುಶಾಲನಗರದಿಂದ ಮೇಲಕ್ಕೆ ಹತ್ತಿದರೆ ಮಡಿಕೇರಿಯಲ್ಲಿ ಅವರ ಮನೆ ಸನ್ನಿಸೈಡ್ ಸಿಗುತ್ತದೆ. ಒಂದಷ್ಟು ಕಾಲ ಆರ್‌ಟಿಒ ಕಚೇರಿಯಾಗಿದ್ದ ಮನೆ ಅದು. ಈಗ ವಸ್ತುಸಂಗ್ರಹಾಲಯ. 2021ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಯಾಗಿದ್ದ ರಾಮನಾಥ ಕೋವಿಂದ್ ಬಂದು ಅದನ್ನು ಉದ್ಘಾಟಿಸಿದರು. ಕಳೆದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಅವಳು ಅಲ್ಲಿ ಬರೆದಿದ್ದ ಕೊನೆಯ ಸಾಲುಗಳನ್ನು ಓದಿ, "ಅಪ್ಪ, ಇವರು ನಮ್ಮ ಸೇನೆಯ ದೊಡ್ಡವರಲ್ವಾ? ಅಷ್ಟು ದೂರ ಯಾರ ಜಗಳಕ್ಕೆ ಹೋಗಿ ತೀರಿಕೊಂಡರು?" ಎಂದು ಕೇಳಿದಳು. ವಾಪಸ್ ಬರುವಾಗ ದಾರಿಯುದ್ದಕ್ಕೂ ಹೇಳಿದೆ. ಪಿರಿಯಾಪಟ್ಟಣ ಬಂದರೂ ಕತೆ ಮುಗಿದಿರಲಿಲ್ಲ. ಅಲ್ಲಿ ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಸೈಪ್ರಸ್ ಬಹಳ ದೊಡ್ಡ ನಾಡೇನಲ್ಲ. ಅದರ ವಿಸ್ತೀರ್ಣ 9,251 ಚದರ ಕಿಲೋಮೀಟರ್. ಮೈಸೂರು, ಕೊಡಗು ಜಿಲ್ಲೆಗಳನ್ನು ಸೇರಿಸಿದರೆ ಅದಕ್ಕಿಂತ ಹೆಚ್ಚೇ ಆಗುತ್ತದೆ. ಸ್ವಾತಂತ್ರ್ಯ ಬಂದಾಗ ಅಲ್ಲಿನ ಪ್ರತಿ ಐವರಲ್ಲಿ ಸುಮಾರು ನಾಲ್ವರು ಗ್ರೀಕ್ ಮಾತಾಡುವ ಕ್ರೈಸ್ತರು. ಉಳಿದವರಲ್ಲಿ ಹೆಚ್ಚಿನವರು ತುರ್ಕಿ ಮಾತಾಡುವ ಮುಸ್ಲಿಮರು. 1571ರಿಂದ ಒಟ್ಟೊಮನ್ ತುರ್ಕರ ಆಳ್ವಿಕೆ ಇತ್ತು. 1878ರಲ್ಲಿ ಬ್ರಿಟಿಷರು, ರಷ್ಯಾದಿಂದ ನಿಮ್ಮನ್ನು ಕಾಯುತ್ತೇವೆ ಎಂದು ಸುಲ್ತಾನನಿಗೆ ಮಾತು ಕೊಟ್ಟು ದ್ವೀಪದ ಆಡಳಿತ ಪಡೆದರು. 1914ರಲ್ಲಿ ಅದೇ ಒಟ್ಟೊಮನ್ನರ ಮೇಲೆ ಯುದ್ಧ ಬಂದಾಗ ದ್ವೀಪವನ್ನು ತಮ್ಮದೇ ಮಾಡಿಕೊಂಡರು.

ಈ ಕತೆ ನಮ್ಮ ಸೀಮೆಗೆ ಹೊಸದಲ್ಲ. ಟಿಪ್ಪುವಿನ ಸೆರೆಯಲ್ಲಿದ್ದ ಕೊಡಗಿನ ದೊಡ್ಡವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡದ್ದು ನಮ್ಮ ಪಿರಿಯಾಪಟ್ಟಣದ ಕೋಟೆಯಿಂದಲೇ. ಎರಡು ವರ್ಷದ ನಂತರ, 1790ರಲ್ಲಿ, ಅವನು ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಕಂಪನಿ ಕೊಡಗಿನ ಸ್ವಾತಂತ್ರ್ಯವನ್ನು ಕಾಯುವುದು, ಒಳಗಿನ ವಿಚಾರಕ್ಕೆ ಕೈಹಾಕದಿರುವುದು, ಇದು ಕೊಟ್ಟ ಮಾತು. 1799ರ ಮಾರ್ಚಿಯಲ್ಲಿ ಪಿರಿಯಾಪಟ್ಟಣಕ್ಕೆ ಹತ್ತಿರದ ಸಿದ್ದೇಶ್ವರದ ಬಳಿ ಟಿಪ್ಪುವಿನ ಸೇನೆ ಎರಗಿದಾಗ ಕೊಡಗಿನ ರಾಜ ಕಂಪನಿಯ ಪಕ್ಕದಲ್ಲೇ ನಿಂತಿದ್ದ. ಅದಾಗಿ ಮೂವತ್ತೈದು ವರ್ಷಕ್ಕೆ, 1834ರಲ್ಲಿ, ಕಂಪನಿ ಕೊಡಗನ್ನು ನುಂಗಿತು. ಕೊನೆಯ ರಾಜ ಚಿಕ್ಕವೀರರಾಜೇಂದ್ರ ಕಾಶಿಗೆ ಗಡೀಪಾರಾಗಿ, ಮುಂದೆ ಇಂಗ್ಲೆಂಡಿಗೆ ಹೋಗಿ ತನ್ನ ಹಣಕ್ಕಾಗಿ ಹೋರಾಡುತ್ತಲೇ 1859ರಲ್ಲಿ ಲಂಡನ್ನಿನಲ್ಲಿ ಸತ್ತ. ಕಾಯುತ್ತೇನೆಂದು ಬಂದವರು ಯಜಮಾನರಾದದ್ದನ್ನು ನೋಡಿದ ನೆಲದಲ್ಲಿ ಹುಟ್ಟಿದವರು ತಿಮ್ಮಯ್ಯ. ಅಂಥದ್ದೇ ಇನ್ನೊಂದು ನೆಲದಲ್ಲಿ ಅವರ ಕೊನೆಯ ಕೆಲಸ ಕಾದಿತ್ತು.

1955ರ ಏಪ್ರಿಲ್ 1ರಂದು ಇಯೋಕಾ ಎಂಬ ಗ್ರೀಕ್ ಸೈಪ್ರಿಯಟ್ ಗುಂಪು ಬ್ರಿಟಿಷರ ವಿರುದ್ಧ ಬಂದೂಕು ಎತ್ತಿತು. ಅವರಿಗೆ ಬೇಕಾಗಿದ್ದದ್ದು ಬರೀ ಸ್ವಾತಂತ್ರ್ಯವಲ್ಲ. ಗ್ರೀಸ್ ದೇಶದೊಂದಿಗೆ ವಿಲೀನ. ತುರ್ಕಿ ಸೈಪ್ರಿಯಟರ ಮುಂದಾಳುಗಳು ಅದಕ್ಕೆ ಪ್ರತಿಯಾಗಿ, ಹಾಗಾದರೆ ದ್ವೀಪವನ್ನು ಪಾಲು ಮಾಡಿ ಎಂದರು. ಗ್ರೀಕರ ಬೆನ್ನಿಗೆ ಅಥೆನ್ಸ್, ತುರ್ಕರ ಬೆನ್ನಿಗೆ ಅಂಕಾರಾ. ನಡುವೆ ಬ್ರಿಟಿಷರು ತುರ್ಕಿ ಸೈಪ್ರಿಯಟ್ ಯುವಕರನ್ನು ಹೆಚ್ಚಾಗಿ ಪೊಲೀಸ್ ಪಡೆಗೆ ಸೇರಿಸಿಕೊಂಡು ಇಯೋಕಾದ ಎದುರು ನಿಲ್ಲಿಸಿದರು. ಇದರಿಂದ ಅಕ್ಕಪಕ್ಕದ ಮನೆಗಳ ನಡುವೆಯೇ ವೈರ ಹುಟ್ಟಿತು.

1959ರ ಫೆಬ್ರುವರಿಯಲ್ಲಿ ಗ್ರೀಸ್ ಮತ್ತು ತುರ್ಕಿ ಸರ್ಕಾರಗಳು ಜ್ಯೂರಿಕ್‌ನಲ್ಲಿ ಕೂತು ಒಂದು ಒಪ್ಪಂದ ತಯಾರಿಸಿದವು. ದ್ವೀಪದ ಎರಡು ಸಮುದಾಯಗಳ ಮುಂದಾಳುಗಳಾದ ಆರ್ಚ್‌ಬಿಷಪ್ ಮಕಾರಿಯೋಸ್ ಮತ್ತು ಡಾ. ಫಾಜಿಲ್ ಕುಚುಕ್ ಅವರನ್ನು ಮುಂದಿನ ವಾರ ಲಂಡನ್ನಿಗೆ ಕರೆಸಿ ಸಹಿ ಹಾಕಿಸಲಾಯಿತು. 1960ರ ಆಗಸ್ಟ್ 16ರಂದು ಸೈಪ್ರಸ್ ಸ್ವತಂತ್ರವಾಯಿತು. ಆದರೆ ಅದರ ಜೊತೆಗೇ ಖಾತರಿ ಒಪ್ಪಂದ ಎಂಬುದೊಂದು ಬಂತು. ಬ್ರಿಟನ್, ಗ್ರೀಸ್, ತುರ್ಕಿ ಮೂರೂ ಈ ಹೊಸ ದೇಶಕ್ಕೆ ಜಾಮೀನು ನಿಂತವು. ವ್ಯವಸ್ಥೆ ಕೆಟ್ಟರೆ, ಮೂವರೂ ಸೇರಿ ಏನೂ ಮಾಡಲಾಗದಿದ್ದರೆ, ಅದನ್ನು ಮೊದಲಿನ ಸ್ಥಿತಿಗೆ ತರಲು ಯಾರು ಬೇಕಾದರೂ ಒಂಟಿಯಾಗಿ ಮುಂದಾಗಬಹುದು ಎಂಬ ಕಲಮು ಅದರಲ್ಲಿತ್ತು. ಗ್ರೀಸಿನ 950, ತುರ್ಕಿಯ 650 ಸೈನಿಕರು ದ್ವೀಪದಲ್ಲೇ ಇರಲು ಇನ್ನೊಂದು ಒಪ್ಪಂದವಾಯಿತು. ಬ್ರಿಟಿಷರು ಅಕ್ರೊತಿರಿ ಮತ್ತು ಧೆಕೇಲಿಯಾ ಎಂಬ ಎರಡು ಸೇನಾನೆಲೆಗಳನ್ನು, 99 ಚದರ ಮೈಲಿ ನೆಲವನ್ನು, ತಮ್ಮ ಸ್ವಂತ ನೆಲವೆಂದೇ ಉಳಿಸಿಕೊಂಡರು. ಇವತ್ತಿಗೂ ಅದು ಅವರದೇ.

ನಮ್ಮ ದೊಡ್ಡಪ್ಪ ಊರಿನ ನ್ಯಾಯ ಪಂಚಾಯ್ತಿಗಳಲ್ಲಿ ಕೂರುತ್ತಿದ್ದವರು. ಹೊಗೆಸೊಪ್ಪಿನ ಸಾಲ, ಬ್ಯಾರನ್ ಸಾಲ, ಕೈಸಾಲ, ಎಲ್ಲಕ್ಕೂ ಜಾಮೀನು ನಿಂತು ಕೈಸುಟ್ಟುಕೊಂಡವರನ್ನು ಕಂಡವರು. ಅವರು ಹೇಳುತ್ತಿದ್ದ ಮಾತು ನನಗೆ ಸೈಪ್ರಸ್ ಬಗ್ಗೆ ಓದುವಾಗಲೆಲ್ಲ ನೆನಪಾಗುತ್ತದೆ: "ಜಾಮೀನು ನಿಂತೋನು ಸಾಲ ಬೇಗ ತೀರ್ಲಪ್ಪ ಅಂತ ದೇವರಿಗೆ ಕೈಮುಗೀಬೇಕು ಕಣೋ ಮಗ. ಸಾಲ ತೀರದೆ ಇದ್ರೇನೆ ಅವನಿಗೆ ಲಾಭ ಅನ್ನೋದಾದ್ರೆ ಆ ಸಾಲ ತೀರೋದುಂಟಾ?" ಸೈಪ್ರಸ್‌ನ ಮೂವರು ಜಾಮೀನುದಾರರಿಗೂ ಆ ಸಾಲ ತೀರದಿರುವುದರಲ್ಲೇ ಒಂದೊಂದು ಲಾಭವಿತ್ತು.

ಮೂರೇ ವರ್ಷಕ್ಕೆ ವ್ಯವಸ್ಥೆ ಮುರಿಯಿತು. ಸರ್ಕಾರಿ ಕೆಲಸದಲ್ಲಿ ಗ್ರೀಕರಿಗೆ ಶೇ 70, ತುರ್ಕರಿಗೆ ಶೇ 30. ತುರ್ಕಿ ಉಪಾಧ್ಯಕ್ಷರಿಗೆ ತಡೆ ಹಾಕುವ ಅಧಿಕಾರ. ಇಂಥವನ್ನು ಬದಲಿಸಲು 1963ರ ನವೆಂಬರಿನಲ್ಲಿ ಅಧ್ಯಕ್ಷ ಮಕಾರಿಯೋಸ್ 13 ತಿದ್ದುಪಡಿಗಳನ್ನು ಮುಂದಿಟ್ಟರು. ಡಿಸೆಂಬರಿನಲ್ಲಿ ರಾಜಧಾನಿ ನಿಕೋಸಿಯಾದ ಬೀದಿಗಳಲ್ಲಿ ರಕ್ತ ಹರಿಯಿತು. ಆ ತಿಂಗಳ ಕೊನೆಗೆ ಬ್ರಿಟಿಷ್ ಸೇನಾಧಿಕಾರಿ ಮೇಜರ್ ಜನರಲ್ ಪೀಟರ್ ಯಂಗ್ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಒಂದು ಗೆರೆ ಎಳೆದು ಊರನ್ನು ಎರಡು ಮಾಡಿದರು. ಆ ಗೆರೆಗೆ ಹಸಿರು ರೇಖೆ ಎಂದೇ ಹೆಸರು ನಿಂತಿತು. ಮುಂದಿನ ಹತ್ತು ವರ್ಷ ತುರ್ಕಿ ಸೈಪ್ರಿಯಟರಲ್ಲಿ ಬಹಳ ಮಂದಿ ತಮ್ಮ ಹಳ್ಳಿಗಳನ್ನು ಬಿಟ್ಟು, ದ್ವೀಪದ ನೂರಕ್ಕೆ ಮೂರು ಪಾಲಿನಷ್ಟೂ ಇಲ್ಲದ ತುಂಡು ನೆಲದಲ್ಲಿ ಒತ್ತೊತ್ತಾಗಿ ಬದುಕಿದರು. 1974ರಿಂದಲೇ ಕತೆ ಶುರುಮಾಡುವವರು ಇದನ್ನು ಬಿಟ್ಟುಬಿಡುತ್ತಾರೆ. ಅದು ಅನ್ಯಾಯ.

1964ರ ಮಾರ್ಚಿ 4ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಂದು ಶಾಂತಿಪಾಲನಾ ಪಡೆ ಕಳಿಸಲು ತೀರ್ಮಾನಿಸಿತು. ಅವಧಿ ಮೂರು ತಿಂಗಳು. ಮೊದಲ ದಂಡನಾಯಕ ನಮ್ಮ ಲೆಫ್ಟಿನೆಂಟ್ ಜನರಲ್ ಪ್ರೇಮ್‌ಸಿಂಗ್ ಗ್ಯಾನಿ. ಜುಲೈನಲ್ಲಿ ಆ ಜಾಗಕ್ಕೆ ತಿಮ್ಮಯ್ಯ ಬಂದರು. ಪಡೆಯಲ್ಲಿ ಭಾರತದ ತುಕಡಿ ಇರಲಿಲ್ಲ. ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಸೈನಿಕರು, ಅವರ ಜೊತೆಗೆ ಬ್ರಿಟಿಷರೂ ಇದ್ದರು. ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು, ಬರ್ಮಾದ ಯುದ್ಧದಲ್ಲಿ ಬ್ರಿಗೇಡನ್ನು ಮುನ್ನಡೆಸಿ, 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿದ ಮಡಿಕೇರಿಯ ಮನುಷ್ಯನ ಕೈಕೆಳಗೆ ಈಗ ಬ್ರಿಟನ್ನಿನ ಸೈನಿಕರು, ಬ್ರಿಟನ್ನೇ ಜಾಮೀನು ನಿಂತ ದೇಶದಲ್ಲಿ.

ತಿಮ್ಮಯ್ಯನವರಿಗೆ ಒಡೆದ ನಾಡು ಹೊಸದಾಗಿರಲಿಲ್ಲ. 1953-54ರಲ್ಲಿ ಕೊರಿಯಾದಲ್ಲಿ, ತಮ್ಮ ಕಡೆಗೆ ಮರಳಲು ಒಪ್ಪದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಎರಡು ಕಡೆಯ ದೊಡ್ಡವರೂ ತಮ್ಮ ಕಡೆಗೆ ಎಳೆಯುವಾಗ ನಡುವೆ ನಿಲ್ಲುವುದು ಎಷ್ಟು ಕಷ್ಟ ಎಂದು ಅಲ್ಲಿ ಕಂಡಿದ್ದರು. ಆ ಅನುಭವಕ್ಕಾಗಿಯೇ ಅವರನ್ನು ಸೈಪ್ರಸ್‌ಗೆ ಕೇಳಿದ್ದಿರಬೇಕು ಎಂದು ನನಗೆ ತೋರುತ್ತದೆ.

ಅವರು ಹೋಗುವ ಮುಂಚಿನ ತಿಂಗಳಷ್ಟೇ ಅಮೆರಿಕದ ಅಧ್ಯಕ್ಷ ಜಾನ್ಸನ್ ತುರ್ಕಿಯ ಪ್ರಧಾನಿ ಇನೊನುವಿಗೆ ಕಟುವಾದ ಪತ್ರ ಬರೆದು ದ್ವೀಪಕ್ಕೆ ನುಗ್ಗದಂತೆ ತಡೆದಿದ್ದರು. ಅಮೆರಿಕದ ಚಿಂತೆ ದ್ವೀಪದ ಜನರದ್ದಲ್ಲ. ಗ್ರೀಸ್, ತುರ್ಕಿ ಎರಡೂ ನ್ಯಾಟೋ ಕೂಟದವು. ಅವು ಬಡಿದಾಡಿಕೊಂಡರೆ ಸೋವಿಯತ್ ಒಕ್ಕೂಟಕ್ಕೆ ದಾರಿಯಾಗುತ್ತದೆ ಎಂಬುದು. ಆ ಬೇಸಿಗೆಯಲ್ಲೇ ಅಮೆರಿಕದ ಡೀನ್ ಅಚೆಸನ್ ಒಂದು ಯೋಜನೆ ತಂದರು. ದ್ವೀಪ ಗ್ರೀಸಿಗೆ, ಅದರಲ್ಲೊಂದು ತುಂಡು ತುರ್ಕಿಯ ಸೇನಾನೆಲೆಗೆ. ಸೈಪ್ರಸ್ ಎಂಬ ದೇಶವೇ ಅದರಲ್ಲಿ ಉಳಿಯುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಕೊಕ್ಕಿನಾ ಎಂಬ ಕಡಲದಂಡೆಯ ತುರ್ಕಿ ಹಳ್ಳಿಯನ್ನು ಗ್ರೀಕ್ ಪಡೆಗಳು ಸುತ್ತುವರಿದಾಗ ತುರ್ಕಿಯ ವಿಮಾನಗಳು ಬಂದು ಬಾಂಬು ಹಾಕಿದವು. ತಿಮ್ಮಯ್ಯನವರ ಸೈನಿಕರಿಗೆ ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವಂತಿರಲಿಲ್ಲ. ಹಗಲು ರಾತ್ರಿ ಚೌಕಿಯಿಂದ ಚೌಕಿಗೆ ಓಡಾಡಿ, ಎರಡು ಕಡೆಯವರನ್ನೂ ಮಾತಿಗೆ ಕೂರಿಸಿ, ಹೊಲಕ್ಕೆ ಹೋಗುವವರಿಗೆ ಕಾವಲು ಕೊಟ್ಟು, ಮುಚ್ಚಿದ ರಸ್ತೆ ತೆರೆಸುವುದು ಅವರ ಕೆಲಸ.

1965ರ ಮಾರ್ಚಿಯಲ್ಲಿ ವಿಶ್ವಸಂಸ್ಥೆಯ ಮಧ್ಯಸ್ಥ, ಈಕ್ವೆಡಾರಿನ ಗಾಲೋ ಪ್ಲಾಜಾ, ವರದಿಯೊಂದನ್ನು ಕೊಟ್ಟರು. ವಿಲೀನದ ಆಸೆಯನ್ನು ದ್ವೀಪ ತಾನೇ ಬಿಡಲಿ, ಜನರನ್ನು ನೆಲದ ಮೇಲೆ ಬೇರೆ ಮಾಡುವುದೂ ಬೇಡ, ದೇಶ ಒಂದಾಗಿ ಸ್ವತಂತ್ರವಾಗಿರಲಿ ಎಂಬುದು ಅದರ ತಿರುಳು. ಇಷ್ಟು ವರ್ಷಗಳಲ್ಲಿ ಬಂದ ಸಲಹೆಗಳಲ್ಲೆಲ್ಲ ಇದೇ ನೇರವಾದದ್ದು ಎಂದು ನಾನು ನಂಬಿದ್ದೇನೆ. ತುರ್ಕಿ ಅದನ್ನು ತಳ್ಳಿಹಾಕಿತು, ಇನ್ನು ಪ್ಲಾಜಾ ಜೊತೆ ಮಾತಿಲ್ಲ ಎಂದಿತು. ಆ ವರ್ಷದ ಡಿಸೆಂಬರಿನಲ್ಲಿ ಪ್ಲಾಜಾ ರಾಜೀನಾಮೆ ಕೊಟ್ಟರು. ಅದೇ ಡಿಸೆಂಬರಿನ 18ರಂದು ತಿಮ್ಮಯ್ಯ ಹೃದಯಾಘಾತದಿಂದ ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಅವರಿಗೆ ಇನ್ನೂ ಅರವತ್ತು ತುಂಬಿರಲಿಲ್ಲ.

ಮುಂದಿನದು 1974. ನಮ್ಮ ಎಚ್.ಡಿ. ಕೋಟೆಯವರಿಗೆ 1974 ಎಂದರೆ ಕಬಿನಿ ಅಣೆಕಟ್ಟು ಮುಗಿದ ವರ್ಷ. ಪುನ್ನಾಟದ ಹಳೆಯ ರಾಜಧಾನಿ ಕಿತ್ತೂರೂ ಸೇರಿದಂತೆ ಎಷ್ಟೋ ಊರುಗಳು ಹಿನ್ನೀರಿನಡಿ ಹೋದವು. ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಡೆಯವರು ತಮ್ಮ ಹಳೇ ಊರಿನ ದಿಕ್ಕಿಗೆ ಕೈ ತೋರಿಸಿ, ಅಗೋ ಅಲ್ಲಿತ್ತು ನಮ್ಮ ಮನೆ ಎನ್ನುವುದನ್ನು ಕೇಳಿದವರಿಗೆ ಸೈಪ್ರಸ್‌ನ ನೋವು ಬೇಗ ಅರ್ಥವಾಗುತ್ತದೆ. ಅಲ್ಲಿ ಜುಲೈ 15ರಂದು ಅಥೆನ್ಸಿನ ಸೈನಿಕ ಸರ್ವಾಧಿಕಾರಿಗಳು ಮಕಾರಿಯೋಸ್‌ರನ್ನು ಉರುಳಿಸಿ ನಿಕೋಸ್ ಸ್ಯಾಂಪ್ಸನ್ ಎಂಬ ಬಂದೂಕಿನ ಮನುಷ್ಯನನ್ನು ಕೂರಿಸಿದರು. ಐದೇ ದಿನಕ್ಕೆ, ಜುಲೈ 20ರಂದು, ಖಾತರಿ ಒಪ್ಪಂದದ ಕಲಮನ್ನು ಮುಂದಿಟ್ಟು ತುರ್ಕಿಯ ಸೇನೆ ಇಳಿಯಿತು. ಅಥೆನ್ಸಿನ ಸರ್ವಾಧಿಕಾರ ಬಿದ್ದಿತು, ಸ್ಯಾಂಪ್ಸನ್ ಹೋದ, ಜಿನೀವಾದಲ್ಲಿ ಮಾತುಕತೆಯೂ ನಡೆಯಿತು. ಕೆಟ್ಟ ವ್ಯವಸ್ಥೆಯನ್ನು ಮೊದಲಿನಂತೆ ಮಾಡುವುದೇ ಗುರಿಯಾಗಿದ್ದರೆ ಅಲ್ಲಿಗೆ ನಿಲ್ಲಬೇಕಿತ್ತು. ಆಗಸ್ಟ್ 14ರಂದು ಎರಡನೇ ದಾಳಿ ನಡೆಸಿ ತುರ್ಕಿ ದ್ವೀಪದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಹಿಡಿಯಿತು. ಮೂರನೇ ಜಾಮೀನುದಾರ ಬ್ರಿಟನ್, ದ್ವೀಪದಲ್ಲೇ ತನ್ನ ಸೇನೆ, ವಿಮಾನಗಳನ್ನು ಇಟ್ಟುಕೊಂಡೂ ನೋಡುತ್ತ ನಿಂತಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿದರು. ನಲವತ್ತು ಸಾವಿರಕ್ಕೂ ಹೆಚ್ಚು ತುರ್ಕಿ ಸೈಪ್ರಿಯಟರು ಉತ್ತರಕ್ಕೆ ಹೋದರು.

ಆ ದಿನಗಳಲ್ಲೂ ವಿಶ್ವಸಂಸ್ಥೆ ಪಡೆಯ ನಾಯಕ ಭಾರತೀಯರೇ, ದಿವಾನ್ ಪ್ರೇಮ್ ಚಂದ್. ನಿಕೋಸಿಯಾದ ವಿಮಾನ ನಿಲ್ದಾಣವನ್ನು ಎರಡು ಸೇನೆಗಳಿಗೂ ಬಿಟ್ಟುಕೊಡದೆ ವಿಶ್ವಸಂಸ್ಥೆಯ ವಶಕ್ಕೆ ತೆಗೆದುಕೊಂಡರು. ಅವತ್ತಿನಿಂದ ಅಲ್ಲಿ ಪ್ರಯಾಣಿಕರ ವಿಮಾನ ಇಳಿದಿಲ್ಲ. ಸೈಪ್ರಸ್ ಏರ್‌ವೇಸ್‌ನ ಒಂದು ಟ್ರೈಡೆಂಟ್ ವಿಮಾನ, ಕಿಟಕಿ ಒಡೆದು, ಚಕ್ರ ಕುಸಿದು, ಬಣ್ಣ ಉದುರಿ ಐವತ್ತು ವರ್ಷದಿಂದ ಬಿಸಿಲಿನಲ್ಲಿ ನಿಂತಿದೆ. ಊರಿಗೆ ಊರೇ ಹೋಟೆಲುಗಳಿದ್ದ ವರೋಶಾ ಎಂಬ ಕಡಲದಂಡೆ ಮುಳ್ಳುತಂತಿಯ ಹಿಂದೆ ಪಾಳುಬಿತ್ತು. 2020ರಲ್ಲಿ ಅದರ ಒಂದಿಷ್ಟು ಭಾಗವನ್ನು ತೆರೆದಿದ್ದೂ ಅಲ್ಲಿನ ಹಳೆಯ ನಿವಾಸಿಗಳ ಒಪ್ಪಿಗೆಯಿಂದಲ್ಲ. 1983ರಲ್ಲಿ ಉತ್ತರದವರು ತಮ್ಮದೇ ದೇಶ ಎಂದು ಘೋಷಿಸಿಕೊಂಡರು. ತುರ್ಕಿಯೊಂದನ್ನು ಬಿಟ್ಟು ಜಗತ್ತಿನ ಯಾವ ದೇಶವೂ ಅದನ್ನು ಮಾನ್ಯ ಮಾಡಿಲ್ಲ.

ಆಮೇಲೆ ಒಂದುಗೂಡಿಸುವ ಪ್ರಯತ್ನಗಳು ನಡೆಯಲಿಲ್ಲವೇ? ನಡೆದವು. 2003ರ ಏಪ್ರಿಲಿನಲ್ಲಿ ಗಡಿಯ ದಾರಿಗಳು ತೆರೆದಾಗ ಸಾವಿರಾರು ಜನ ಸಾಲುಗಟ್ಟಿ ನಿಂತು, ದಾಟಿ ಹೋಗಿ ತಾವು ಬಿಟ್ಟುಬಂದ ಮನೆಗಳ ಬಾಗಿಲು ತಟ್ಟಿದರು. ಮರುವರ್ಷ ಏಪ್ರಿಲ್ 24ರಂದು ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಅವರ ಒಂದುಗೂಡಿಸುವ ಯೋಜನೆ ಜನಮತಕ್ಕೆ ಬಂತು. ತುರ್ಕಿ ಸೈಪ್ರಿಯಟರಲ್ಲಿ ಶೇ 65ರಷ್ಟು ಮಂದಿ ಹೌದು ಎಂದರು. ಗ್ರೀಕ್ ಸೈಪ್ರಿಯಟರಲ್ಲಿ ಶೇ 76ರಷ್ಟು ಮಂದಿ ಬೇಡವೆಂದರು. ಬೇಡವೆಂದವರ ಭಯದಲ್ಲಿ ಒಂದು, ಆ ಯೋಜನೆಯಲ್ಲೂ ಖಾತರಿ ಒಪ್ಪಂದ ಉಳಿದಿತ್ತು, ತುರ್ಕಿಯ ಸೈನಿಕರೂ ಉಳಿಯುತ್ತಿದ್ದರು ಎಂಬುದು. ಇಲ್ಲಿ ಐರೋಪ್ಯ ಒಕ್ಕೂಟದ ತಪ್ಪನ್ನೂ ಹೇಳಬೇಕು. ಹೌದು ಅಂದರೂ ಬೇಡ ಅಂದರೂ ದಕ್ಷಿಣದವರಿಗೆ ಒಕ್ಕೂಟದ ಸದಸ್ಯತ್ವ ಖಚಿತವಾಗಿತ್ತು. ಒಂದೇ ವಾರದಲ್ಲಿ, ಮೇ 1ಕ್ಕೆ, ಅದು ಕೈಗೆ ಬಂತು. ಹೌದು ಎಂದ ಉತ್ತರದವರು ಹೊರಗುಳಿದರು.

2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದಲ್ಲಿ ಎರಡೂ ಕಡೆಯ ನಾಯಕರು ಅನಸ್ತಾಸಿಯಾದಿಸ್ ಮತ್ತು ಅಕಿಂಜಿ, ಮೂವರು ಜಾಮೀನುದಾರರು, ವಿಶ್ವಸಂಸ್ಥೆಯ ಗುಟೆರೆಸ್, ಎಲ್ಲರೂ ಕೂತರು. ಅಧಿಕಾರ, ಆಸ್ತಿ, ಗಡಿ, ಎಲ್ಲದರಲ್ಲೂ ಮಾತು ಬಹಳ ದೂರ ಬಂದಿತ್ತು. ಜುಲೈ 7ರ ಬೆಳಗಿನ ಜಾವ ಅದು ಕುಸಿದದ್ದು ಮುಖ್ಯವಾಗಿ ಸೈನಿಕರು ಮತ್ತು ಖಾತರಿಯ ವಿಚಾರದಲ್ಲೇ. ಗ್ರೀಕ್ ಸೈಪ್ರಿಯಟರಿಗೆ ತುರ್ಕಿಯ ಸೈನಿಕನಿದ್ದರೆ ನಿದ್ದೆ ಬರುವುದಿಲ್ಲ, ತುರ್ಕಿ ಸೈಪ್ರಿಯಟರಲ್ಲಿ ಬಹಳ ಮಂದಿಗೆ ಅವನಿಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಎರಡೂ ಭಯ ನಿಜ. ಅಲ್ಲಿನ ಹಿತ್ತಿಲಲ್ಲಿ ಹುಟ್ಟಿದ ಭಯವನ್ನು ಸಾಕಿ ಬೆಳೆಸಿದವರು ಮಾತ್ರ ಹೊರಗಿನವರು.

ನಮ್ಮ ತಾತ, ಅವರ ತಮ್ಮ ಪಾಲಾದಾಗ ಬರೆದ ಪಾಲುಪತ್ರ ಇನ್ನೂ ನಮ್ಮ ಮನೆಯಲ್ಲಿದೆ. ಹೊಲಕ್ಕೆ ಬದು ಬಿತ್ತು, ಮನೆಗೆ ನಡುಗೋಡೆ ಬಿತ್ತು, ದನಕರು ಎಣಿಸಿ ಹಂಚಿಕೊಂಡರು. ಆದರೆ ಕೊನೆಯಲ್ಲಿ ಒಂದು ಸಾಲು: ಬಾವಿ ಇಬ್ಬರಿಗೂ, ಒಂದು ದಿನ ಅವರಿಗೆ ಒಂದು ದಿನ ಇವರಿಗೆ. ಕೆ.ಆರ್. ನಗರದ ನಾಲೆ ಬಯಲಿನವರಿಗೂ ಇದು ಗೊತ್ತು. ಗದ್ದೆ ಪಾಲಾದರೂ ನೀರು ಸರದಿಯ ಮೇಲೇ ಹರಿಯಬೇಕು. ನಿಕೋಸಿಯಾದಲ್ಲಿ ಹಾಗೆ ಉಳಿದದ್ದು ಒಳಚರಂಡಿ. ದಕ್ಷಿಣದ ಬಚ್ಚಲ ನೀರು ಹರಿದು ಹೋಗಬೇಕಾದ ಇಳಿಜಾರು ಉತ್ತರಕ್ಕಿತ್ತು, ಶುದ್ಧೀಕರಣ ಘಟಕವೂ ಅಲ್ಲೇ. ತುರ್ಕಿಯ ಸೇನೆ ಬಂದು ನಾಲ್ಕೈದು ವರ್ಷವಷ್ಟೇ ಆಗಿತ್ತು. ದಕ್ಷಿಣದ ಮೇಯರ್ ಲೆಲ್ಲೋಸ್ ದಿಮಿತ್ರಿಯಾದಿಸ್, ಉತ್ತರದ ಮೇಯರ್ ಮುಸ್ತಫಾ ಅಕಿಂಜಿ, ಅದೇ ಅಕಿಂಜಿ, ಆಗಿನ್ನೂ ಹರೆಯದವರು, ಕೂತು ಮಾತಾಡಿ ಎರಡು ಊರಿಗೂ ಒಂದೇ ಕೊಳವೆ ಸಾಲು ಎಂದು ತೀರ್ಮಾನಿಸಿದರು. ಹಣ ಹೊರಗಿನಿಂದ ಬಂತು, ನಿಜ. ಆದರೆ ತೀರ್ಮಾನ ಅವರದ್ದು. ಗೆರೆಯ ಮೇಲೆ ಸೈನಿಕರು ಬಂದೂಕು ಹಿಡಿದು ನಿಂತಿದ್ದಾಗಲೂ ಕೆಳಗೆ ಆ ನೀರು ನಿಲ್ಲದೆ ಹರಿಯಿತು.

ಹಾಗೆಯೇ ಕಾಣೆಯಾದವರ ಸಮಿತಿ. 1963ರ ಮತ್ತು 1974ರ ಗಲಭೆಗಳಲ್ಲಿ ಕಾಣೆಯಾದವರು 2,002 ಮಂದಿ: ಗ್ರೀಕ್ ಸೈಪ್ರಿಯಟರು 1,510, ತುರ್ಕಿ ಸೈಪ್ರಿಯಟರು 492. ಎರಡೂ ಸಮುದಾಯದ ಯುವ ವಿಜ್ಞಾನಿಗಳು ಒಂದೇ ಗುಂಡಿಯಲ್ಲಿ ಮಂಡಿಯೂರಿ, ಬ್ರಷ್ಷಿನಿಂದ ಮಣ್ಣು ಸರಿಸಿ, ಮೂಳೆ ಎತ್ತಿ, ಗುರುತು ಹಿಡಿದು ಮನೆಯವರಿಗೆ ಒಪ್ಪಿಸುತ್ತಾರೆ. ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಹೀಗೆ ಸಿಕ್ಕಿದೆ.

ನಮ್ಮ ದೇಶದ ಪಾತ್ರದ ಬಗ್ಗೆಯೂ ನೇರವಾಗಿ ಮಾತಾಡಬೇಕು. ಭಾರತ ಮೊದಲಿನಿಂದಲೂ ಸೈಪ್ರಸ್ ಒಂದೇ ದೇಶ ಎಂಬ ನಿಲುವಿಗೆ ಅಂಟಿಕೊಂಡಿದೆ. ಇಂದಿರಾ ಗಾಂಧಿ 1983ರಲ್ಲಿ, ವಾಜಪೇಯಿ 2002ರಲ್ಲಿ, ನರೇಂದ್ರ ಮೋದಿ 2025ರ ಜೂನ್‌ನಲ್ಲಿ ಅಲ್ಲಿಗೆ ಹೋದರು. ಮೋದಿಯವರ ಭೇಟಿಗೆ ಮುಂಚಿನ ತಿಂಗಳಷ್ಟೇ ಪಾಕಿಸ್ತಾನದ ಜೊತೆಗಿನ ಸಂಘರ್ಷದಲ್ಲಿ ತುರ್ಕಿ ಪಾಕಿಸ್ತಾನದ ಪರ ನಿಂತಿತ್ತು. ಹಾಗಾಗಿ ನಮ್ಮಲ್ಲಿ ಅನೇಕರು ಸೈಪ್ರಸ್ಸನ್ನು ತುರ್ಕಿಗೆ ಮರುಪೆಟ್ಟು ಕೊಡುವ ಜಾಗದಂತೆ ನೋಡತೊಡಗಿದ್ದಾರೆ. ಇದು ನನಗೆ ಒಪ್ಪಿಗೆಯಿಲ್ಲ. ಒಬ್ಬರ ಮೇಲಿನ ಸಿಟ್ಟಿಗೆ ಇನ್ನೊಬ್ಬರ ಮನೆಯನ್ನು ಅಂಗಳ ಮಾಡಿಕೊಂಡದ್ದೇ ಆ ದ್ವೀಪದ ದುರಂತ. ನಮ್ಮವರಾದ ಗ್ಯಾನಿ, ತಿಮ್ಮಯ್ಯ, ಪ್ರೇಮ್ ಚಂದ್ ಅಲ್ಲಿ ಗಳಿಸಿದ ಮರ್ಯಾದೆ ಎರಡು ಕಡೆಯನ್ನೂ ಸಮನಾಗಿ ಕಂಡದ್ದರಿಂದ ಬಂದದ್ದು.

2025ರ ಅಕ್ಟೋಬರಿನಲ್ಲಿ ಉತ್ತರದವರು ಎರಡು ದೇಶ ಎನ್ನುತ್ತಿದ್ದ ತಮ್ಮ ನಾಯಕನನ್ನು ಸೋಲಿಸಿ, ಒಂದೇ ದೇಶದೊಳಗೆ ಎರಡು ಸಮುದಾಯಗಳ ಒಕ್ಕೂಟ ಎಂಬ ಮಾತುಕತೆಗೆ ಮರಳಬೇಕೆನ್ನುವ ತುಫಾನ್ ಎರ್ಹುರ್ಮನ್ ಅವರನ್ನು ದೊಡ್ಡ ಅಂತರದಿಂದ ಆರಿಸಿದ್ದಾರೆ. ದ್ವೀಪದವರು ಮತ್ತೊಮ್ಮೆ ಬಾಗಿಲು ತೆರೆದಿದ್ದಾರೆ. ಅಂಕಾರಾ, ಅಥೆನ್ಸ್, ಲಂಡನ್ ಮೂರೂ 1960ರ ಆ ಜಾಮೀನು ಪತ್ರವನ್ನು ಈಗಲಾದರೂ ಹರಿದುಹಾಕಬೇಕು. ಅಲ್ಪಸಂಖ್ಯಾತರ ರಕ್ಷಣೆಗೆ ವಿಶ್ವಸಂಸ್ಥೆಯ, ಐರೋಪ್ಯ ಒಕ್ಕೂಟದ ಹೊಣೆಯಲ್ಲಿ ಬೇರೆ ಏರ್ಪಾಡು ಮಾಡಬಹುದು. ನೆಲದಲ್ಲಿ ಪಾಲು ಇಟ್ಟುಕೊಂಡವರ ಖಾತರಿ ಮಾತ್ರ ಬೇಡ.

ನೀವು ಹುಣಸೂರು ದಾರಿಯಲ್ಲಿ ಮಡಿಕೇರಿಗೆ ಹೋಗುವವರಾದರೆ ರಾಜಾಸೀಟಿಗೆ ಹೋಗುವ ಮುಂಚೆ ಒಂದು ಗಂಟೆ ಸನ್ನಿಸೈಡ್‌ಗೆ ಕೊಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಆ ಮನೆಯವರು ಎಲ್ಲಿ, ಏತಕ್ಕಾಗಿ ತೀರಿಕೊಂಡರೆಂದು ಹೇಳಿ. 1964ರಲ್ಲಿ ಮೂರು ತಿಂಗಳಿಗೆಂದು ಕಳಿಸಿದ ಆ ಪಡೆ ಇನ್ನೂ ಅಲ್ಲೇ ಇದೆ.